ರೇಡಿಯೋದ ಮಿಕ್ಸರ್ ಮಂಡಲಗಳು: ಬೇಡದ ಆವರ್ತನಗಳನ್ನು ತಡೆಯುವ ಬಗೆಗಳು

ಸ್ನೇಹಿತರೇ,

ಮಧ್ಯಮ ತರಂಗದಲ್ಲಿ 612 ಕಿಲೋಹರ್ಟ್ಸ್ ಬೆಂಗಳೂರು ಆಕಾಶವಾಣಿಯದು, 765 ಧಾರವಾಡದ್ದು, 675 ಭದ್ರಾವತಿಯದು ಎಂಬುದು ನಮ್ಮಲ್ಲಿ ರೇಡಿಯೋ ಕೇಳುತ್ತ ಬೆಳೆದವರಿಗೆ ಬಾಯಿಪಾಠ. ಆದರೆ ಸೆಟ್ಟಿನ ಒಳಗೆ, ಆಂಟೆನಾದಿಂದ ಒಂದೆರಡು ಹಂತ ದಾಟಿದ ಮೇಲೆ, ಈ ಮೂರೂ ಅಂಕಿಗಳು ಉಳಿಯುವುದಿಲ್ಲ. ಯಾವ ನಿಲಯವನ್ನು ಹಿಡಿದರೂ ಅದರ ಸಂಕೇತ 455 ಕಿಲೋಹರ್ಟ್ಸ್‌ಗೆ ಬದಲಾಗುತ್ತದೆ. ಮುಂದಿನ ವರ್ಧಕಗಳೂ ಫಿಲ್ಟರ್‌ಗಳೂ ಆ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಇದಕ್ಕೆ ಮಧ್ಯಂತರ ಆವರ್ತನ ಅಥವಾ ಐಎಫ್ ಎಂದು ಹೆಸರು. ಈ ಬದಲಾವಣೆಯನ್ನು ಮಾಡುವ ವಿದ್ಯುನ್ಮಂಡಲವೇ ಮಿಕ್ಸರ್. ಒಂದು ಡಯೋಡಿನಿಂದ ಹಿಡಿದು ಇಡೀ ಚಿಪ್‌ವರೆಗೆ ಅದರಲ್ಲಿ ಹಲವು ಬಗೆಗಳಿವೆ. ಇವುಗಳ ನಡುವೆ ಆರಿಸುವಾಗ ಮಿಕ್ಸರ್ ಸಂಕೇತವನ್ನು ಎಷ್ಟು ದೊಡ್ಡದು ಮಾಡುತ್ತದೆ ಎಂದು ನೋಡುವುದು ಸಾಮಾನ್ಯವಾಗಿ ಕಾಣುವ ಅಭ್ಯಾಸ. ಬೇಡದ ಆವರ್ತನಗಳಲ್ಲಿ ಎಷ್ಟನ್ನು ಹುಟ್ಟದಂತೆ ತಡೆಯುತ್ತದೆ ಎಂದು ನೋಡುವುದೇ ಸರಿಯಾದ ಅಳತೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಉಪನ್ಯಾಸವೆಲ್ಲ ಅದರ ಸಮರ್ಥನೆಯೇ.

ಆವರ್ತನವನ್ನು ಬದಲಿಸುವ ಅಗತ್ಯವೇಕೆ ಬಂತು? ಎರಡು ಆವರ್ತನಗಳನ್ನು ಬೆರೆಸಿ ಮೂರನೆಯದನ್ನು ಪಡೆಯುವ ಹೆಟೆರೋಡೈನ್ ತತ್ತ್ವವನ್ನು ರೆಜಿನಾಲ್ಡ್ ಫೆಸೆಂಡೆನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮುಂದಿಟ್ಟಿದ್ದರು. ಆದರೆ ಅಂದಿನ ಟ್ರಯೋಡ್ ವಾಲ್ವ್‌ಗಳಿಗೆ ಎತ್ತರದ ಆವರ್ತನಗಳನ್ನು ವರ್ಧಿಸುವ ಶಕ್ತಿ ಇರಲಿಲ್ಲ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಅಮೆರಿಕದ ಸೇನೆಯ ಸಿಗ್ನಲ್ ಕೋರ್‌ನಲ್ಲಿದ್ದು ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್, ಎತ್ತರದ ಆವರ್ತನವನ್ನು ಮೊದಲು ಕೆಳಗಿಳಿಸಿ, ವಾಲ್ವ್‌ಗಳು ಚೆನ್ನಾಗಿ ದುಡಿಯುವ ಮಟ್ಟದಲ್ಲಿ ವರ್ಧಿಸುವ ಸೂಪರ್‌ಹೆಟೆರೋಡೈನ್ ಗ್ರಾಹಕವನ್ನು ರೂಪಿಸಿದರು. ಫ್ರಾನ್ಸಿನ ಲೂಸಿಯನ್ ಲೆವಿ 1917ರಲ್ಲೇ ಇದಕ್ಕೆ ಹತ್ತಿರದ ಪೇಟೆಂಟ್ ಅರ್ಜಿ ಸಲ್ಲಿಸಿದ್ದರಿಂದ ಶ್ರೇಯಸ್ಸಿನ ವಿಷಯದಲ್ಲಿ ಮುಂದೆ ದೊಡ್ಡ ವ್ಯಾಜ್ಯವೇ ನಡೆಯಿತು. ವರ್ಧನೆಯ ಅನುಕೂಲಕ್ಕೆಂದು ಬಂದ ಈ ಏರ್ಪಾಡು ಉಳಿದುಕೊಂಡದ್ದು ಬೇರೊಂದು ಕಾರಣಕ್ಕೆ. ಆವರ್ತನ ಸ್ಥಿರವಾಗಿದ್ದರೆ ಬಹಳ ಕಿರಿದಾದ, ಕಡಿದಾದ ಫಿಲ್ಟರ್ ಕಟ್ಟಬಹುದು. ನಿಲಯ ಬದಲಾದಂತೆಲ್ಲ ಅಂಥ ಫಿಲ್ಟರನ್ನು ಜರುಗಿಸುತ್ತ ಹೋಗುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಇಲ್ಲಿ ನಡೆಯುವ ಗಣಿತ ಸರಳವಾದದ್ದು. ಧ್ವನಿಮುದ್ರಣದ ಕೋಣೆಯಲ್ಲಿರುವ ಮಿಕ್ಸರ್ ಸಂಕೇತಗಳನ್ನು ಕೂಡಿಸುತ್ತದೆ; ರೇಡಿಯೋದ ಮಿಕ್ಸರ್ ಗುಣಿಸುತ್ತದೆ. ಎರಡು ಅಲೆಗಳನ್ನು ಬರಿದೇ ಕೂಡಿಸಿದರೆ ಹೊಸ ಆವರ್ತನ ಹುಟ್ಟುವುದಿಲ್ಲ. ಗುಣಿಸಿದರೆ ಎರಡರ ಮೊತ್ತದ ಆವರ್ತನವೂ ವ್ಯತ್ಯಾಸದ ಆವರ್ತನವೂ ಹುಟ್ಟುತ್ತವೆ. 612 ಕಿಲೋಹರ್ಟ್ಸ್ ಸಂಕೇತವನ್ನು, ಸೆಟ್ಟಿನೊಳಗೇ ತಯಾರಾಗುವ 1067 ಕಿಲೋಹರ್ಟ್ಸ್ ಅಲೆಯಿಂದ ಗುಣಿಸಿದರೆ 455 ಮತ್ತು 1679 ಎರಡೂ ಸಿಗುತ್ತವೆ; ಫಿಲ್ಟರ್ 455ನ್ನು ಇಟ್ಟುಕೊಂಡು 1679ನ್ನು ಬಿಡುತ್ತದೆ. ಈ ಒಳಗಿನ ಅಲೆಯನ್ನು ಕೊಡುವುದು ಲೋಕಲ್ ಆಸಿಲೇಟರ್. ಅದನ್ನು ಸಂಕೇತಕ್ಕಿಂತ 455 ಮೇಲೆ ಇಡುವುದಕ್ಕೂ ಕಾರಣವಿದೆ. 530ರಿಂದ 1600ರವರೆಗೆ ಟ್ಯೂನ್ ಮಾಡುವಾಗ ಮೇಲಿಟ್ಟ ಆಸಿಲೇಟರ್ 985ರಿಂದ 2055ರವರೆಗೆ, ಅಂದರೆ ಸುಮಾರು ಎರಡು ಪಟ್ಟು ಮಾತ್ರ ಚಲಿಸಿದರೆ ಸಾಕು. ಕೆಳಗಿಟ್ಟರೆ 75ರಿಂದ 1145ರವರೆಗೆ, ಹದಿನೈದು ಪಟ್ಟು ಓಡಬೇಕಾಗುತ್ತದೆ. ಆವರ್ತನದ ಅನುಪಾತದ ವರ್ಗದಷ್ಟು ಕೆಪಾಸಿಟರ್ ಬದಲಾಗಬೇಕಾದ್ದರಿಂದ, ಮೊದಲನೆಯದಕ್ಕೆ ನಾಲ್ಕೂವರೆ ಪಟ್ಟಿನೊಳಗೆ ಮುಗಿಯುವ, ಟ್ಯೂನಿಂಗ್ ಗುಂಡಿಯೊಂದಿಗೆ ತಿರುಗುವ ಗ್ಯಾಂಗ್ ಕೆಪಾಸಿಟರ್ ಸಾಕು. ಎರಡನೆಯದಕ್ಕೆ ಇನ್ನೂರು ಪಟ್ಟಿಗೂ ಮೀರಿದ್ದು ಬೇಕು, ಅಂಥದ್ದನ್ನು ಯಾರೂ ಮಾಡಲಾರರು.

ಗುಣಾಕಾರದ ಜೊತೆಗೇ ತೊಂದರೆಯೂ ಹುಟ್ಟುತ್ತದೆ. ವ್ಯತ್ಯಾಸ 455 ಆಗುವಂತೆ 1067ರ ಕೆಳಗೆ 612 ಇರುವ ಹಾಗೆಯೇ ಮೇಲೆ 1522 ಕೂಡ ಇದೆ. ಆ ಆವರ್ತನದಲ್ಲಿ ಬಲವಾದ ನಿಲಯವೊಂದಿದ್ದರೆ ಅದೂ 455ಕ್ಕೇ ಇಳಿದು ಬೆಂಗಳೂರಿನ ಮೇಲೆ ಕೂರುತ್ತದೆ. ಇದನ್ನು ಇಮೇಜ್ ಅಥವಾ ಪ್ರತಿಬಿಂಬ ಆವರ್ತನವೆನ್ನುತ್ತೇವೆ. ಮಿಕ್ಸರ್‌ನ ನಂತರದ ಯಾವ ಫಿಲ್ಟರೂ ಇದನ್ನು ಬೇರ್ಪಡಿಸಲಾರದು, ಏಕೆಂದರೆ ಅಲ್ಲಿ ಎರಡಕ್ಕೂ ಒಂದೇ ಆವರ್ತನ. ಎಫ್‌ಎಂನಲ್ಲಿ ಈ ತೊಂದರೆಗೆ ಇನ್ನೂ ಸ್ಪಷ್ಟವಾದ ಉದಾಹರಣೆಯಿದೆ. ಬೆಂಗಳೂರಿನ 101.3 ಮೆಗಾಹರ್ಟ್ಸ್ ಕೇಳುವ ಸಾಮಾನ್ಯ ಸೆಟ್ಟಿನಲ್ಲಿ ಮಧ್ಯಂತರ ಆವರ್ತನ 10.7 ಮೆಗಾಹರ್ಟ್ಸ್, ಆದ್ದರಿಂದ ಆಸಿಲೇಟರ್ 112.0ರಲ್ಲಿರುತ್ತದೆ ಮತ್ತು ಇಮೇಜ್ 122.7ಕ್ಕೆ ಬೀಳುತ್ತದೆ. ಅದು ವಿಮಾನಗಳು ಮಾತನಾಡುವ ಪಟ್ಟಿ. ಅಗ್ಗದ ಎಫ್‌ಎಂ ಸೆಟ್ಟುಗಳಲ್ಲಿ ಒಮ್ಮೊಮ್ಮೆ ಪೈಲಟ್‌ಗಳ ಮಾತಿನ ತುಣುಕು ಕೇಳಿಬರುವುದಕ್ಕೆ ಕಾರಣ ಇದೇ. ಇನ್ನು 112.0 ಎಂಬ ಆಸಿಲೇಟರ್ ಆವರ್ತನವೂ ನಿರಪಾಯವಾದ ಜಾಗದಲ್ಲಿಲ್ಲ. 108ರಿಂದ 118 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ವಿಮಾನಗಳಿಗೆ ದಿಕ್ಕು ತೋರುವ ವಿಒಆರ್ ಕೇಂದ್ರಗಳು ಕೆಲಸ ಮಾಡುತ್ತವೆ. ಕೈರೇಡಿಯೋದ ಆಸಿಲೇಟರ್ ಮಿಕ್ಸರ್‌ನ ಮೂಲಕ ಹಿಮ್ಮುಖವಾಗಿ ಆಂಟೆನಾಕ್ಕೆ ಸೋರಿದರೆ ಆ ಸೆಟ್ಟೇ ಒಂದು ಪುಟ್ಟ ಪ್ರಸಾರಕವಾಗುತ್ತದೆ. ವಿಮಾನದೊಳಗೆ ಎಫ್‌ಎಂ ರೇಡಿಯೋ ಹಚ್ಚಬಾರದೆಂಬ ನಿಯಮದ ಹಿಂದೆ ಇದ್ದದ್ದು ಈ ಭಯವೇ. ಇಮೇಜ್ ಮತ್ತು ಸೋರಿಕೆ ಎಂಬ ಈ ಎರಡರ ಜೊತೆಗೆ, ಬಲವಾದ ನಿಲಯಗಳು ಮಿಕ್ಸರ್‌ನೊಳಗೆ ತಮ್ಮತಮ್ಮಲ್ಲೇ ಬೆರೆತು ಹುಟ್ಟಿಸುವ ಮೂರನೆಯ ತೊಂದರೆಯೊಂದಿದೆ; ಅದನ್ನು ಮುಂದೆ ನೋಡೋಣ.

ಅತ್ಯಂತ ಸರಳವಾದ ಮಿಕ್ಸರ್ ಒಂದೇ ಡಯೋಡಿನದು. ಡಯೋಡಿನಲ್ಲಿ ವೋಲ್ಟೇಜಿಗೂ ಕರೆಂಟಿಗೂ ಇರುವ ಸಂಬಂಧ ನೇರವಾದ ಗೆರೆಯಲ್ಲ, ವಕ್ರರೇಖೆ. ಆ ವಕ್ರತೆಯನ್ನು ಗಣಿತದಲ್ಲಿ ಬಿಡಿಸಿದಾಗ ಬರುವ ವರ್ಗದ ಪದದಲ್ಲಿ ಗುಣಾಕಾರ ಅಡಗಿದೆ. ಎರಡನೆಯ ಮಹಾಯುದ್ಧದ ಮೈಕ್ರೋವೇವ್ ರಾಡಾರ್‌ಗಳೆಲ್ಲ ಇಂಥ ಮಿಕ್ಸರ್ ಮೇಲೆಯೇ ನಿಂತಿದ್ದವು. ವಾಲ್ವ್‌ಗಳು ಸೋತ ಆವರ್ತನಗಳಲ್ಲಿ ಸಿಲಿಕಾನ್ ತುಂಡಿನ ಮೇಲೆ ಲೋಹದ ಸೂಜಿಯೊತ್ತಿದ 1ಎನ್21 ಬಗೆಯ ಡಯೋಡುಗಳು ಕೆಲಸ ಮಾಡಿದವು. ಹರಳಿನ ಮೇಲೆ ಲೋಹದ ಮೊನೆಯನ್ನಿಟ್ಟು ರೇಡಿಯೋ ಅಲೆಯನ್ನು ಗುರುತಿಸುವ ಗೆಲೀನಾ ಶೋಧಕಕ್ಕೆ ಕಲ್ಕತ್ತೆಯ ಜಗದೀಶಚಂದ್ರ ಬೋಸ್ 1904ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆದರೆ ಒಂಟಿ ಡಯೋಡಿನಲ್ಲಿ ಸಂಕೇತ, ಆಸಿಲೇಟರ್, ಮಧ್ಯಂತರ ಆವರ್ತನ ಮೂರೂ ಒಂದೇ ತಂತಿಯಲ್ಲಿ ಸೇರಿರುತ್ತವೆ. ಅವನ್ನು ಬೇರ್ಪಡಿಸುವ ಹೊರೆಯೆಲ್ಲ ಫಿಲ್ಟರ್‌ಗಳ ಮೇಲೆ ಬೀಳುತ್ತದೆ.

ಮನೆಯ ರೇಡಿಯೋಗಳಲ್ಲಿ ಈ ಸ್ಥಾನವನ್ನು ಪಡೆದದ್ದು ಐದು ಗ್ರಿಡ್‌ಗಳ ಪೆಂಟಾಗ್ರಿಡ್ ವಾಲ್ವ್. 6ಬಿಇ6ನಲ್ಲಿ ಕೆಳಗಿನ ಗ್ರಿಡ್‌ಗಳು ಆಸಿಲೇಟರ್ ಆಗಿ ನಡೆದರೆ, ಮೂರನೆಯ ಗ್ರಿಡ್‌ಗೆ ಆಂಟೆನಾದ ಸಂಕೇತ ಬರುತ್ತದೆ. ಒಂದೇ ಎಲೆಕ್ಟ್ರಾನ್ ಪ್ರವಾಹವನ್ನು ಎರಡು ಕಡೆ ಹಿಡಿತ ಮಾಡುವುದರಿಂದ ಗುಣಾಕಾರ ತಾನಾಗಿ ಆಗುತ್ತದೆ. ಯುರೋಪಿನ ಸೆಟ್ಟುಗಳಲ್ಲಿ ಇಸಿಎಚ್81 ಬಂದು, ಆಸಿಲೇಟರ್‌ಗೆ ಅದೇ ಗಾಜಿನೊಳಗೆ ಪ್ರತ್ಯೇಕ ಟ್ರಯೋಡ್ ಕೊಟ್ಟಿತು. ಪ್ರವಾಹ ಹಲವು ಗ್ರಿಡ್‌ಗಳ ನಡುವೆ ಹಂಚಿಹೋಗುವುದರಿಂದ ಈ ವಾಲ್ವ್‌ಗಳಲ್ಲಿ ಸದ್ದು (ನಾಯ್ಸ್) ಹೆಚ್ಚು; ಆದರೆ ಮಧ್ಯಮ ತರಂಗದಲ್ಲಿ ವಾತಾವರಣದ ಸದ್ದೇ ಅದಕ್ಕಿಂತ ಮೇಲಿರುವುದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಟ್ರಾನ್ಸಿಸ್ಟರ್ ಯುಗದಲ್ಲಿ ಮಿತವ್ಯಯ ಇನ್ನೂ ಮುಂದೆ ಹೋಗಿ, ಬಿಎಫ್194, ಬಿಎಫ್195ರಂಥ ಒಂದೇ ಟ್ರಾನ್ಸಿಸ್ಟರ್ ಆಸಿಲೇಟರೂ ಮಿಕ್ಸರೂ ಆಯಿತು. ಫೆರೈಟ್ ಕಡ್ಡಿಯ ಸಂಕೇತ ಅದರ ಬೇಸ್‌ಗೆ ಬರುತ್ತದೆ, ಕೆಂಪು ತಿರುಪಿನ ಆಸಿಲೇಟರ್ ಕಾಯಿಲ್ ಎಮಿಟರ್‌ಗೆ ಮರಳಿ ಉಣಿಸುತ್ತದೆ, ಕಲೆಕ್ಟರ್‌ನಲ್ಲಿ ಹಳದಿ ತಿರುಪಿನ ಐಎಫ್ ಟ್ರಾನ್ಸ್‌ಫಾರ್ಮರ್ 455ನ್ನು ಆರಿಸಿಕೊಳ್ಳುತ್ತದೆ. ರಿಪೇರಿ ಬಲ್ಲವರಿಗೆ ಈ ಬಣ್ಣಗಳು ಚೆನ್ನಾಗಿ ಪರಿಚಿತ. ಮುಂದೆ ಎರಡು ಗೇಟುಗಳ ಮಾಸ್‌ಫೆಟ್ ಬಂದಾಗ ಸಂಕೇತ ಒಂದು ಗೇಟಿಗೆ, ಆಸಿಲೇಟರ್ ಇನ್ನೊಂದಕ್ಕೆ ಹೋಗಿ ಸೋರಿಕೆ ಬಹಳ ಮಟ್ಟಿಗೆ ತಗ್ಗಿತು.

ಸೋರಿಕೆಗೆ ನಿಜವಾದ ಪರಿಹಾರ ಸಿಕ್ಕಿದ್ದು ಸಮತೋಲನದಿಂದ. ಎರಡು ಡಯೋಡುಗಳನ್ನು ಟ್ರಾನ್ಸ್‌ಫಾರ್ಮರ್‌ನ ಎರಡು ತುದಿಗಳಿಗೆ ಜೋಡಿಸಿ, ಆಸಿಲೇಟರನ್ನು ನಡುವಿನ ಬಿಂದುವಿಗೆ ಕೊಟ್ಟರೆ, ಅದರ ಕರೆಂಟು ಎರಡು ಅರ್ಧಗಳಲ್ಲಿ ವಿರುದ್ಧ ದಿಕ್ಕಿಗೆ ಹರಿದು ಇನ್ನೊಂದು ಬದಿಯಲ್ಲಿ ಪರಸ್ಪರ ರದ್ದಾಗುತ್ತದೆ. ಇದು ಏಕ ಸಮತೋಲನದ ಮಿಕ್ಸರ್. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ, ಜಗತ್ತಿನಾದ್ಯಂತ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರು, ಕಟ್ಟಿದ ಬಿಟ್‌ಎಕ್ಸ್20 ಟ್ರಾನ್ಸೀವರ್‌ನಲ್ಲಿ ಈ ಎರಡು ಡಯೋಡಿನ ಮಂಡಲವನ್ನು ನೋಡಬಹುದು. 14 ಮೆಗಾಹರ್ಟ್ಸ್ ಸಂಕೇತ, 4 ಮೆಗಾಹರ್ಟ್ಸ್ ಆಸಿಲೇಟರ್, 10 ಮೆಗಾಹರ್ಟ್ಸ್‌ನ ಮಧ್ಯಂತರ ಆವರ್ತನ. ಡಯೋಡುಗಳಿಗೆ ಒಳಬಾಗಿಲು ಹೊರಬಾಗಿಲೆಂಬ ಭೇದವಿಲ್ಲದ್ದರಿಂದ ಕೇಳುವಾಗ 14ನ್ನು 10ಕ್ಕೆ ಇಳಿಸುವ ಅದೇ ಮಿಕ್ಸರ್, ಮಾತನಾಡುವಾಗ 10ನ್ನು 14ಕ್ಕೆ ಏರಿಸುತ್ತದೆ. ಸುಲಭವಾಗಿ ಸಿಗುವ ಬಿಡಿಭಾಗಗಳಲ್ಲಿ, ದುಬಾರಿ ಕೋರುಗಳ ಬದಲು ನಲ್ಲಿಯ ವಾಷರ್‌ಗಳ ಮೇಲೂ ಕಾಯಿಲ್ ಸುತ್ತಿ ಕಟ್ಟಬಹುದಾದ ಈ ವಿನ್ಯಾಸ ನಮ್ಮ ದೇಶದ ಹವ್ಯಾಸಿ ರೇಡಿಯೋಗೆ ಸಂದ ದೊಡ್ಡ ಕೊಡುಗೆಯೆಂದೇ ನಾನು ತಿಳಿದಿದ್ದೇನೆ.

ಇದನ್ನೇ ಪೂರ್ಣಗೊಳಿಸಿದರೆ ಡಯೋಡ್ ರಿಂಗ್ ಸಿದ್ಧವಾಗುತ್ತದೆ. ನಾಲ್ಕು ಡಯೋಡುಗಳು ಒಂದರ ಬಾಲಕ್ಕೆ ಇನ್ನೊಂದರ ತಲೆಯಂತೆ ಉಂಗುರವಾಗಿ ಸೇರಿರುತ್ತವೆ. ಒಂದು ಟ್ರಾನ್ಸ್‌ಫಾರ್ಮರ್‌ನಿಂದ ಸಂಕೇತ, ಇನ್ನೊಂದರಿಂದ ಆಸಿಲೇಟರ್ ಬಂದು ಉಂಗುರದ ಎದುರುಬದುರು ಮೂಲೆಗಳನ್ನು ಮುಟ್ಟುತ್ತವೆ. 1930ರ ದಶಕದಲ್ಲಿ, ಒಂದೇ ತಂತಿಯಲ್ಲಿ ಹಲವು ದೂರವಾಣಿ ಸಂಭಾಷಣೆಗಳನ್ನು ಸಾಗಿಸುವ ಉಪಕರಣಗಳಿಗಾಗಿ ಬೆಳೆದ ಈ ಮಂಡಲ ಇಂದಿಗೂ ಹಳೆಯದಾಗಿಲ್ಲ. ಇಲ್ಲಿ ಡಯೋಡಿನ ವಕ್ರರೇಖೆಯನ್ನು ನಾವು ನೆಚ್ಚಿಕೊಳ್ಳುವುದಿಲ್ಲ. ಆಸಿಲೇಟರ್ ಎಷ್ಟು ಬಲವಾಗಿರುತ್ತದೆಂದರೆ, ಅದರ ಒಂದು ಅರ್ಧದಲ್ಲಿ ಒಂದು ಜೋಡಿ ಡಯೋಡುಗಳು ಪೂರ್ತಿ ತೆರೆದು ಇನ್ನೊಂದು ಜೋಡಿ ಮುಚ್ಚುತ್ತದೆ, ಮರು ಅರ್ಧದಲ್ಲಿ ಇದು ತಿರುಗುಮುರುಗಾಗುತ್ತದೆ. ಹೀಗಾಗಿ ಸಂಕೇತ ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹೊರಬರುತ್ತದೆ. ಅಂದರೆ ಅದನ್ನು ಧನ ಒಂದು ಮತ್ತು ಋಣ ಒಂದರ ನಡುವೆ ಜಿಗಿಯುವ ಚೌಕ ಅಲೆಯಿಂದ ಗುಣಿಸಿದಂತಾಯಿತು. ಲೆಕ್ಕ ಹಾಕಿದರೆ ಒಳಬಂದ ಶಕ್ತಿಯಲ್ಲಿ ಶೇಕಡ 40.5 ಭಾಗ ವ್ಯತ್ಯಾಸದ ಆವರ್ತನಕ್ಕೂ ಅಷ್ಟೇ ಭಾಗ ಮೊತ್ತದ ಆವರ್ತನಕ್ಕೂ ಹೋಗಿ, ಉಳಿದದ್ದು ಚೌಕ ಅಲೆಯ ಬೆಸ ಹಾರ್ಮೋನಿಕ್‌ಗಳ (ಮೂಲ ಆವರ್ತನದ ಮೂರು, ಐದು ಪಟ್ಟಿನಂಥ ಆವರ್ತನಗಳ) ಪಾಲಾಗುತ್ತದೆ. ಡೆಸಿಬಲ್‌ನಲ್ಲಿ ಹೇಳುವುದಾದರೆ ಆದರ್ಶ ಸ್ಥಿತಿಯ ನಷ್ಟ 3.9; ನಿಜವಾದ ಡಯೋಡುಗಳು ಮತ್ತು ಟ್ರಾನ್ಸ್‌ಫಾರ್ಮರ್‌ಗಳು ಸೇರಿ ಅದು 6ರ ಆಸುಪಾಸಿಗೆ ಬರುತ್ತದೆ. ಸಂಕೇತದ ಮುಕ್ಕಾಲು ಭಾಗ ಕಳೆದುಹೋಗುತ್ತದೆಂಬುದು ಕೇಳಲು ಹಿತವಾಗಿಲ್ಲ. ಆದರೆ ಸಂಕೇತಕ್ಕೂ ಆಸಿಲೇಟರ್‌ಗೂ ಎರಡೂ ಕಡೆ ಸಮತೋಲನ ಇರುವುದರಿಂದ ಯಾವುದೂ ಇನ್ನೊಂದರ ಬಾಗಿಲಿಗೆ ಸೋರುವುದಿಲ್ಲ, ಸಮ ಹಾರ್ಮೋನಿಕ್‌ಗಳಿಂದ ಹುಟ್ಟುವ ಬೇಡದ ಆವರ್ತನಗಳು ತಾವಾಗಿ ರದ್ದಾಗುತ್ತವೆ.

ಇದಕ್ಕೆ ಪ್ರತಿಸ್ಪರ್ಧಿಯಾಗಿ ಚಿಪ್‌ಗಳಲ್ಲಿ ನೆಲೆಯೂರಿದ್ದು ಗಿಲ್ಬರ್ಟ್ ಸೆಲ್. ಕೆಳಗಿನ ಟ್ರಾನ್ಸಿಸ್ಟರ್ ಜೋಡಿ ಸಂಕೇತವನ್ನು ಕರೆಂಟಾಗಿ ಬದಲಿಸುತ್ತದೆ. ಮೇಲಿನ ನಾಲ್ಕು ಟ್ರಾನ್ಸಿಸ್ಟರ್‌ಗಳು ಆಸಿಲೇಟರ್‌ನ ತಾಳಕ್ಕೆ ಆ ಕರೆಂಟನ್ನು ಅದಲುಬದಲು ಮಾಡುತ್ತವೆ. ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಂತು. ಹೆಚ್ಚುಕಡಿಮೆ ಇದೇ ಜೋಡಣೆಗೆ ಹೊವಾರ್ಡ್ ಜೋನ್ಸ್ ಅದಕ್ಕೂ ಮುಂಚೆ ಪೇಟೆಂಟ್ ಪಡೆದಿದ್ದರು. ಎಂಸಿ1496, ಎನ್‌ಇ602 ಎಂಬ ಪ್ರಸಿದ್ಧ ಚಿಪ್‌ಗಳ ಒಡಲಲ್ಲಿರುವುದು ಇದೇ. ಎನ್‌ಇ602 ಕೇವಲ 2.4 ಮಿಲಿಆಂಪಿಯರ್ ಕುಡಿದು, ಆಸಿಲೇಟರನ್ನೂ ಒಳಗೇ ಇಟ್ಟುಕೊಂಡು, ಸಂಕೇತವನ್ನು 17 ಡೆಸಿಬಲ್‌ನಷ್ಟು ದೊಡ್ಡದು ಮಾಡಿ ಕೊಡುತ್ತದೆ. ಕಾಗದದ ಮೇಲೆ ನೋಡಿದರೆ, 6 ಡೆಸಿಬಲ್ ಕಳೆಯುವ ಡಯೋಡ್ ರಿಂಗನ್ನು ಇನ್ನು ಯಾರು ಮುಟ್ಟಬೇಕು ಎನ್ನಿಸುತ್ತದೆ.

ಉತ್ತರ ಸಿಗುವುದು ಸಂಜೆಯ ನಂತರ 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ. 7000ದಿಂದ 7200 ಕಿಲೋಹರ್ಟ್ಸ್ ಹ್ಯಾಮ್‌ಗಳದು. ಅದರ ಮೇಲಿನಿಂದ ಅಂತರರಾಷ್ಟ್ರೀಯ ಶಾರ್ಟ್‌ವೇವ್ ಪ್ರಸಾರಕರು. 7205 ಮತ್ತು 7220ರಲ್ಲಿ ಎರಡು ಬಲವಾದ ನಿಲಯಗಳಿವೆ ಎಂದಿಟ್ಟುಕೊಳ್ಳಿ. ಮಿಕ್ಸರ್‌ನ ಘನ (ಮೂರನೆಯ ಘಾತದ) ಪದದಿಂದಾಗಿ ಮೊದಲನೆಯದರ ಎರಡು ಪಟ್ಟಿನಿಂದ ಎರಡನೆಯದನ್ನು ಕಳೆದ ಆವರ್ತನ, ಅಂದರೆ 7190, ಗ್ರಾಹಕದೊಳಗೇ ಹುಟ್ಟುತ್ತದೆ. ಆಕಾಶದಲ್ಲಿ ಅಲ್ಲೇನೂ ಇಲ್ಲ. ಕಿವಿಗೆ ಮಾತ್ರ ಕಲಸಿಹೋದ ಎರಡು ಭಾಷೆಗಳ ಗದ್ದಲ ಕೇಳುತ್ತದೆ. ಒಳಬರುವ ನಿಲಯಗಳು 1 ಡೆಸಿಬಲ್ ಏರಿದರೆ ಈ ಸುಳ್ಳು ಸಂಕೇತ 3 ಡೆಸಿಬಲ್ ಏರುತ್ತದೆ. ಮಿಕ್ಸರ್ ಇದನ್ನು ಎಷ್ಟು ತಾಳಿಕೊಳ್ಳುತ್ತದೆಂಬುದನ್ನು ತೃತೀಯ ಶ್ರೇಣಿಯ ಛೇದಬಿಂದು ಎಂಬ ಅಳತೆಯಿಂದ ಹೇಳುತ್ತೇವೆ; ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಎನ್‌ಇ602ಗೆ ಅದು ಸುಮಾರು ಋಣ 14 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬಲ್‌ನಲ್ಲಿ ಹೇಳುವ ಶಕ್ತಿ). 5 ಮಿಲಿವ್ಯಾಟ್ ಆಸಿಲೇಟರ್‌ನಿಂದ ನಡೆಯುವ ಸಾಧಾರಣ ಡಯೋಡ್ ರಿಂಗ್‌ಗೆ ಸುಮಾರು ಧನ 14. ಆ ಎರಡು ನಿಲಯಗಳು ತಲಾ ಒಂದು ಮೈಕ್ರೋವ್ಯಾಟ್, ಅಂದರೆ ಋಣ 30 ಡಿಬಿಎಂ ಬಲದಲ್ಲಿ ಬಂದರೆ, ಎನ್‌ಇ602ರಲ್ಲಿ ಹುಟ್ಟುವ ಸುಳ್ಳು ಸಂಕೇತ ಋಣ 62 ಡಿಬಿಎಂಗೆ ಸಮ. ಹ್ಯಾಮ್‌ಗಳ ಮೀಟರಿನಲ್ಲಿ ಬಲವಾದ ಸಂಕೇತದ ಗುರುತಾದ ಎಸ್9 ಎಂದರೆ ಋಣ 73. ಆದ್ದರಿಂದ ಇಲ್ಲದ ನಿಲಯವೊಂದು ಎಸ್9ಕ್ಕೂ 11 ಡೆಸಿಬಲ್ ಮೇಲೆ ಗರ್ಜಿಸುತ್ತದೆ. ಡಯೋಡ್ ರಿಂಗ್‌ನಲ್ಲಿ ಅದೇ ಸುಳ್ಳು ಸಂಕೇತ ಋಣ 118ಕ್ಕೆ ಇಳಿದು, ಪಟ್ಟಿಯ ಸಹಜ ಸದ್ದಿನ ಅಡಿಯಲ್ಲಿ ಮುಳುಗಿಹೋಗುತ್ತದೆ. ಛೇದಬಿಂದುಗಳ ನಡುವಿನ 28 ಡೆಸಿಬಲ್ ಅಂತರ ಇಲ್ಲಿ 56 ಆಗಿ ಕಾಣಿಸಿಕೊಂಡಿತು. ಆ 17 ಡೆಸಿಬಲ್ ಲಾಭವನ್ನು ಮಿಕ್ಸರ್‌ನ ನಂತರ ಒಂದು ಟ್ರಾನ್ಸಿಸ್ಟರ್‌ನಿಂದ ಪಡೆಯಬಹುದು; ಒಮ್ಮೆ ಹುಟ್ಟಿದ 7190ರ ಸುಳ್ಳನ್ನು ಮಾತ್ರ ಯಾವ ಉಪಾಯದಿಂದಲೂ ತೆಗೆಯಲಾಗುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಸೆಟ್ಟಿಗೆ, ಚಿಕ್ಕ ಆಂಟೆನಾಕ್ಕೆ ಎನ್‌ಇ602 ಒಳ್ಳೆಯ ಆಯ್ಕೆಯೇ. ದೊಡ್ಡ ಡೈಪೋಲ್ ಕಟ್ಟಿದವರು ಅದನ್ನು ಆಂಟೆನಾದ ಪಕ್ಕದಲ್ಲಿ ಕೂರಿಸಬಾರದು.

ರಿಂಗ್ ಬಳಸುವವರು ಹೆಚ್ಚಾಗಿ ಕಡೆಗಣಿಸುವ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಹೊರಬಾಗಿಲಿನಲ್ಲಿ ವ್ಯತ್ಯಾಸದ ಜೊತೆಗೆ ಮೊತ್ತದ ಆವರ್ತನವೂ ಅಷ್ಟೇ ಬಲವಾಗಿ ಬರುತ್ತದೆ. ಅಲ್ಲಿ ನೇರವಾಗಿ ಕ್ರಿಸ್ಟಲ್ ಫಿಲ್ಟರ್ ಇಟ್ಟರೆ, ಅದು ತನಗೆ ಬೇಡದ ಮೊತ್ತವನ್ನು ನುಂಗುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ. ಆ ಶಕ್ತಿ ಮರಳಿ ಡಯೋಡುಗಳೊಳಗೆ ಹೊಕ್ಕು ಮತ್ತೆ ಬೆರೆತು, ಮೇಲೆ ಹೇಳಿದ ಛೇದಬಿಂದುವನ್ನೇ ಹಾಳುಮಾಡುತ್ತದೆ. ಆದ್ದರಿಂದ ಮಿಕ್ಸರ್ ಮತ್ತು ಫಿಲ್ಟರ್ ನಡುವೆ, ಎಲ್ಲ ಆವರ್ತನಗಳಿಗೂ 50 ಓಮ್ ಕಾಣಿಸುವಂತೆ ಡಿಪ್ಲೆಕ್ಸರ್ (ಬೇಕಾದ ಆವರ್ತನವನ್ನು ಮುಂದಕ್ಕೆ ಬಿಟ್ಟು ಬೇಡದ್ದನ್ನು ರೆಸಿಸ್ಟರ್‌ಗೆ ಉಣಿಸುವ ಮಂಡಲ) ಬೇಕು, ಕನಿಷ್ಠ ಪಕ್ಷ ರೆಸಿಸ್ಟರ್‌ಗಳ ಒಂದು ಪ್ಯಾಡ್ ಆದರೂ ಬೇಕು.

ಇಮೇಜಿನ ತೊಂದರೆಗೆ ಮಿಕ್ಸರ್‌ನಲ್ಲೇ ಪರಿಹಾರ ಕೊಡುವ ಬಗೆ ಬಂದದ್ದು ರಾಲ್ಫ್ ಹಾರ್ಟ್ಲಿಯವರ 1928ರ ಪೇಟೆಂಟಿನಿಂದ. ಒಂದೇ ಸಂಕೇತವನ್ನು ಎರಡು ಮಿಕ್ಸರ್‌ಗಳಿಗೆ ಕೊಟ್ಟು, ಅವುಗಳ ಆಸಿಲೇಟರ್‌ಗಳ ನಡುವೆ 90 ಡಿಗ್ರಿ ಅಂತರವಿಟ್ಟು, ಹೊರಬಂದದ್ದರಲ್ಲಿ ಒಂದನ್ನು ಮತ್ತೆ 90 ಡಿಗ್ರಿ ತಿರುಗಿಸಿ ಕೂಡಿಸಿದರೆ ಬೇಕಾದ ಬದಿ ಉಳಿದು ಇಮೇಜ್ ರದ್ದಾಗುತ್ತದೆ. ಕೋನದಲ್ಲಿ 1 ಡಿಗ್ರಿ ತಪ್ಪಿದರೂ ಇಮೇಜ್ 41 ಡೆಸಿಬಲ್‌ಗಿಂತ ಕೆಳಗೆ ಇಳಿಯದು. ಹಾಗಾಗಿ ಇದು ಬಹುಕಾಲ ಕೈಗೆಟುಕದ ನಾಜೂಕಾಗಿಯೇ ಉಳಿಯಿತು. ಕಂಪ್ಯೂಟರ್ ಬಂದು ಆ ತಪ್ಪನ್ನು ಲೆಕ್ಕದಲ್ಲೇ ತಿದ್ದತೊಡಗಿದ ಮೇಲೆ ಚಿತ್ರ ಬದಲಾಯಿತು. ಇಂದಿನ ಸಾಫ್ಟ್‌ವೇರ್ ರೇಡಿಯೋಗಳಲ್ಲಿ ಪ್ರಿಯವಾಗಿರುವ ಡ್ಯಾನ್ ಟೇಲೋ ಅವರ ಮಂಡಲದಲ್ಲಿ ಡಯೋಡೂ ಇಲ್ಲ. ಡಿಜಿಟಲ್ ಸ್ವಿಚ್ ಚಿಪ್ ಒಂದು ಆಸಿಲೇಟರ್‌ನ ಪ್ರತಿ ಆವರ್ತದಲ್ಲಿ ಸಂಕೇತವನ್ನು ಸರದಿಯಂತೆ ನಾಲ್ಕು ಕೆಪಾಸಿಟರ್‌ಗಳಿಗೆ ಹಂಚುತ್ತದೆ. 7 ಮೆಗಾಹರ್ಟ್ಸ್ ಕೇಳಲು 28 ಮೆಗಾಹರ್ಟ್ಸ್ ಗಡಿಯಾರ ಕೊಟ್ಟರೆ 90 ಡಿಗ್ರಿಯ ಹಂತಗಳು ತಾವಾಗಿ ಸಿಗುತ್ತವೆ. ಕೆಪಾಸಿಟರ್‌ಗಳು ಕಾಲು ಆವರ್ತದ ಸರಾಸರಿಯನ್ನು ಹಿಡಿದಿಡುವುದರಿಂದ ಮೊತ್ತದ ಆವರ್ತನಕ್ಕೆ ಶಕ್ತಿ ವ್ಯರ್ಥವಾಗದೆ ನಷ್ಟ 0.9 ಡೆಸಿಬಲ್‌ಗೆ ಇಳಿಯುತ್ತದೆ. ಈಚಿನ ದಶಕಗಳ ಮಿಕ್ಸರ್‌ಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಇದೇ.

ಮೈಕ್ರೋವೇವ್‌ನ ಕಡೆ ಹೋದರೆ ಆದ್ಯತೆಗಳು ಬದಲಾಗುತ್ತವೆ. ಮನೆಯ ಮಾಳಿಗೆಯ ಟಿವಿ ಡಿಶ್ಶಿನ ಮೂತಿಯಲ್ಲಿರುವ, ಉಪಗ್ರಹದ ಸಂಕೇತ ಹಿಡಿದು ಇಳಿಸುವ ಎಲ್‌ಎನ್‌ಬಿ ಎಂಬ ಡಬ್ಬಿಯೊಳಗೂ ಒಂದು ಮಿಕ್ಸರ್ ಇದೆ. ಅದು ಕೆಯು ಬ್ಯಾಂಡಿನ 11 ಗಿಗಾಹರ್ಟ್ಸ್ ಸಂಕೇತವನ್ನು 9.75 ಗಿಗಾಹರ್ಟ್ಸ್ ಆಸಿಲೇಟರ್‌ನಿಂದ 1.25ಕ್ಕೆ ಇಳಿಸದಿದ್ದರೆ ಕೇಬಲ್ಲೇ ಎಲ್ಲವನ್ನೂ ನುಂಗಿಬಿಡುತ್ತಿತ್ತು. ಸಿ ಬ್ಯಾಂಡಿನ ದೊಡ್ಡ ಡಿಶ್ಶುಗಳಲ್ಲಿ ಆಸಿಲೇಟರ್ 5.15 ಗಿಗಾಹರ್ಟ್ಸ್‌ನಲ್ಲಿ, ಸಂಕೇತಕ್ಕಿಂತ ಮೇಲಿರುವುದರಿಂದ 3.7 ಬಂದದ್ದು 1.45 ಆಗಿಯೂ 4.2 ಬಂದದ್ದು 0.95 ಆಗಿಯೂ ಇಡೀ ಪಟ್ಟಿ ತಿರುವುಮುರುವಾಗುತ್ತದೆ. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾ ಗ್ರಹಯಾನಗಳಿಂದ 8.4 ಗಿಗಾಹರ್ಟ್ಸ್‌ನ ಅತಿ ಕ್ಷೀಣ ಸಂಕೇತ ಹಿಡಿಯುವಾಗ ಆಕಾಶ ತಣ್ಣಗಿರುತ್ತದೆ, ಮಿಕ್ಸರ್‌ನ ಸ್ವಂತ ಸದ್ದೇ ದೊಡ್ಡದಾಗುತ್ತದೆ. ಅಂಥಲ್ಲಿ ಕಡಿಮೆ ಸದ್ದಿನ ವರ್ಧಕ ಮಿಕ್ಸರ್‌ಗಿಂತ ಮುಂಚೆ ಇರಲೇಬೇಕು. 7 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸದ್ದೇ ಪ್ರಬಲವಾದ್ದರಿಂದ ಅದೇ ವರ್ಧಕ ಉಪಕಾರಕ್ಕಿಂತ ಹೆಚ್ಚು ಅಪಕಾರ ಮಾಡುತ್ತದೆ.

ಆಸಿಲೇಟರ್ ತಯಾರಿಸುವುದೇ ಕಷ್ಟವಾದ ಮಿಲಿಮೀಟರ್ ತರಂಗಗಳಲ್ಲಿ, ಎದುರುಬದುರು ಮುಖ ಮಾಡಿದ ಎರಡು ಡಯೋಡುಗಳನ್ನು ಅರ್ಧ ಆವರ್ತನದಿಂದ ನಡೆಸುತ್ತಾರೆ. ಒಂದೊಂದು ಅರ್ಧದಲ್ಲಿ ಒಂದೊಂದು ಡಯೋಡ್ ತೆರೆಯುವುದರಿಂದ ಸ್ವಿಚ್ ಎರಡು ಪಟ್ಟು ವೇಗದಲ್ಲಿ ನಡೆದಂತಾಗುತ್ತದೆ. ರಷ್ಯಾದ ವ್ಲಾದಿಮಿರ್ ಪೊಲ್ಯಾಕೋವ್ ಇದನ್ನು 1970ರ ದಶಕದಲ್ಲಿ ಹ್ಯಾಮ್‌ಗಳ ನೇರ ಪರಿವರ್ತನೆಯ, ಅಂದರೆ ಸಂಕೇತವನ್ನು ನೇರವಾಗಿ ಧ್ವನಿಯ ಆವರ್ತನಕ್ಕೇ ಇಳಿಸುವ, ಗ್ರಾಹಕಕ್ಕೆ ತಂದರು. ಅಲ್ಲಿ ಅದರ ಪ್ರಯೋಜನ ಬೇರೆ: 7 ಮೆಗಾಹರ್ಟ್ಸ್ ಕೇಳುವಾಗ ಆಸಿಲೇಟರ್ 3.5ರಲ್ಲಿರುವುದರಿಂದ, ಸೋರಿದರೂ ಆಂಟೆನಾದ ಫಿಲ್ಟರ್ ಅದನ್ನು ಹೊರಬಿಡುವುದಿಲ್ಲ.

ರಿಂಗನ್ನು ಮನೆಯಲ್ಲೇ ಕಟ್ಟಬಯಸುವವರು 1ಎನ್4148 ಡಯೋಡುಗಳನ್ನೇ ತೆಗೆದುಕೊಳ್ಳಬಹುದು. ಒಂದಷ್ಟನ್ನು ತಂದು, ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಪ್ರತಿಯೊಂದರ ವೋಲ್ಟೇಜ್ ಅಳೆದು, ಕೆಲವೇ ಮಿಲಿವೋಲ್ಟ್‌ಗಳೊಳಗೆ ಹೊಂದುವ ನಾಲ್ಕನ್ನು ಆರಿಸಿಕೊಳ್ಳಿ. ಬೆರಳಿನ ಬಿಸಿಗೂ ಓದು ಬದಲಾಗುವುದರಿಂದ ಹಿಡಿದ ಮೇಲೆ ಸ್ವಲ್ಪ ಕಾದು ಓದಬೇಕು. ಟ್ರಾನ್ಸ್‌ಫಾರ್ಮರ್‌ಗೆ ಮೂರು ಎನಾಮಲ್ ತಂತಿಗಳನ್ನು ಹುರಿಮಾಡಿ ಫೆರೈಟ್ ಟೊರಾಯ್ಡ್ (ಬಳೆಯಾಕಾರದ ಕೋರು) ಮೇಲೆ ಸುಮಾರು ಹತ್ತು ಸುತ್ತು ಹಾಕಿದರೆ ಶಾರ್ಟ್‌ವೇವ್‌ಗೆ ಸಾಕು. ಜೋಡಿಸಿದ ಮೇಲೆ ಮೊದಲು ಆಸಿಲೇಟರ್ ಮಾತ್ರ ಕೊಟ್ಟು, ಸಂಕೇತದ ಬಾಗಿಲಿಗೆ 50 ಓಮ್ ರೆಸಿಸ್ಟರ್ ಹಚ್ಚಿ, ಅಲ್ಲಿಗೆ ಎಷ್ಟು ಸೋರುತ್ತಿದೆಯೆಂದು ಆಸಿಲೋಸ್ಕೋಪಿನಲ್ಲಿ ನೋಡಿ. ಸೋರಿಕೆ ಹೆಚ್ಚಿದ್ದರೆ ಟ್ರಾನ್ಸ್‌ಫಾರ್ಮರ್‌ನ ಎರಡು ಅರ್ಧಗಳು ಅದಲುಬದಲಾಗಿವೆಯೇ, ನಾಲ್ಕರಲ್ಲಿ ಒಂದು ಡಯೋಡ್ ತಿರುಗಿ ಕುಳಿತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.